ಮೂರು ಮೆಟ್ಟಿಲಿಗೆ 18 ಅಡಿ: ಪಂಚಾಯಿತಿ ಮತಗಟ್ಟೆಗೆ ದಾರಿ ಮಾಡುವುದು ಹೇಗೆ?

2020ರ ಡಿಸೆಂಬರ್. ಗ್ರಾಮ ಪಂಚಾಯಿತಿ ಚುನಾವಣೆ. ನಮ್ಮ ಮಲೆನಾಡಿನ ಕಡೆ ಅಡಿಕೆ ಕೊನೆ ತೆಗೆಯುವ ಕಾಲ, ಮನೆಯಲ್ಲಿ ಯಾರಿಗೂ ಕೈ ಬಿಡುವಿರಲಿಲ್ಲ. ಚಿಕ್ಕಪ್ಪನಿಗೆ ಸಣ್ಣವರಿದ್ದಾಗಲೇ ಪೋಲಿಯೊ ಆಗಿ ಕಾಲುಗಳ ಶಕ್ತಿ ಹೋಗಿದೆ. ಬೆಳಿಗ್ಗೆ ಒಬ್ಬ ಅಭ್ಯರ್ಥಿಯ ಜೀಪು ದಣಪೆ (ಬೇಲಿಯ ಬಾಗಿಲು) ಹತ್ತಿರ ಬಂದು ಹಾರನ್ ಹೊಡೆಯಿತು. ಇಬ್ಬರು ಹುಡುಗರು ಚಿಕ್ಕಪ್ಪನನ್ನು ಎತ್ತಿ ಕೂರಿಸಿದರು. ಮತಗಟ್ಟೆ ಇದ್ದ ಶಾಲೆಯ ಮೂರು ಮೆಟ್ಟಿಲನ್ನೂ ಕುರ್ಚಿ ಸಮೇತ ಹತ್ತಿಸಿದರು. ಸಂಜೆ ಎಲೆಗೆ ಸುಣ್ಣ ಹಚ್ಚುತ್ತಾ ಚಿಕ್ಕಪ್ಪ ಅಂದರು: "ಹೊತ್ಕೊಂಡು ಹೋದವನಿಗೆ ಹಾಕ್ದೆ ಇರೋಕಾಗತ್ತಾ ಮಾರಾಯ?"

ನನಗೆ ಆ ಮಾತು ಇನ್ನೂ ಚುಚ್ಚುತ್ತದೆ. ವೋಟು ಹಾಕಿದ್ದು ನಿಜ. ಆದರೆ ಅದು ಅವರ ವೋಟಾಗಿತ್ತಾ? ಪಂಚಾಯಿತಿ ಚುನಾವಣೆಯಲ್ಲಿ ಎಲ್ಲರೂ ಗೊತ್ತಿದ್ದವರೇ. ಹತ್ತಿಪ್ಪತ್ತು ವೋಟಿನಲ್ಲಿ ಸೋಲು ಗೆಲುವು. ಅಂಥ ಕಡೆ ಹಂಗು ಬಹಳ ದೊಡ್ಡದು. ಹಾಗಾಗಿ ಈ ಲೇಖನ ಒಂದೇ ವಿಷಯಕ್ಕೆ: ಯಾರ ಹಂಗೂ ಇಲ್ಲದೆ ಮತಗಟ್ಟೆ ಮುಟ್ಟುವ ಹಾಗೆ ಮಾಡುವುದು ಹೇಗೆ.

ಮೊದಲು, ಯಾರನ್ನು ಕೇಳಬೇಕು?

ಇಲ್ಲೇ ಜಾಸ್ತಿ ಜನ ಎಡವುವುದು. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಪಂಚಾಯಿತಿ, ಪುರಸಭೆ, ನಗರಪಾಲಿಕೆಗಳದ್ದು ರಾಜ್ಯ ಚುನಾವಣಾ ಆಯೋಗ. ಎರಡೂ ಬೇರೆ ಬೇರೆ. 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೂ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿಗೂ ಮನೆಯಲ್ಲೇ ಮತ ಹಾಕುವ ಅವಕಾಶ ಸಿಕ್ಕಿತ್ತಲ್ಲ, ಅದು ಬಂದಿದ್ದು ನಮೂನೆ 12ಡಿ ಮೂಲಕ. ಆ ನಮೂನೆ ಲೋಕಸಭೆ, ವಿಧಾನಸಭೆಯ ನಿಯಮಗಳಿಗೆ ಸೇರಿದ್ದು. "ಮನೆಗೇ ಬರ್ತಾರಂತಲ್ಲ" ಎಂದು ಪಂಚಾಯಿತಿ ಚುನಾವಣೆಗೆ ಕಾದು ಕೂರಬೇಡಿ. ಮತಗಟ್ಟೆಗೆ ಹೋಗುವ ತಯಾರಿಯನ್ನೇ ಮಾಡಿಕೊಳ್ಳಿ.

ಕಾನೂನು ಮಾತ್ರ ಎರಡೂ ಆಯೋಗಕ್ಕೆ ಒಂದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್, ರಾಜ್ಯ ಚುನಾವಣಾ ಆಯೋಗಗಳ ಹೆಸರನ್ನೂ ಎತ್ತಿ ಹೇಳುತ್ತದೆ. ಎಲ್ಲ ಮತಗಟ್ಟೆಗಳೂ ಅಂಗವಿಕಲರು ತಲುಪುವ ಹಾಗಿರಬೇಕು. ಚುನಾವಣೆಯ ಮಾಹಿತಿ ಅವರಿಗೆ ಅರ್ಥವಾಗುವ ಹಾಗೆ ಸಿಗಬೇಕು. ಅರ್ಜಿಯಲ್ಲಿ ಈ ಸೆಕ್ಷನ್ ನಂಬರು ಬರೆದು ನೋಡಿ, ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಪಟ್ಟಿಯಲ್ಲಿ ಹೆಸರು

ಪಂಚಾಯಿತಿ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆ ಪಟ್ಟಿಯಿಂದಲೇ. ಅಲ್ಲಿ ಹೆಸರಿಲ್ಲದಿದ್ದರೆ ನಮೂನೆ 6 ತುಂಬಿ. ಹೆಸರಿದ್ದು ಅಂಗವೈಕಲ್ಯದ ಗುರುತು ಬಿದ್ದಿಲ್ಲದಿದ್ದರೆ ನಮೂನೆ 8. ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಹತ್ತಿರ ಎರಡೂ ಸಿಗುತ್ತವೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ನಾವು ವಿಆರ್‌ಡಬ್ಲ್ಯೂ ಅನ್ನುವವರು, ಇವರ ಹತ್ತಿರ ಊರಿನ ವಿಕಲಚೇತನರ ಪಟ್ಟಿ ಇರುತ್ತದೆ. ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾರು ಬಿಟ್ಟುಹೋಗಿದ್ದಾರೆ ಎಂದು ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಬುದ್ಧಿಮಾಂದ್ಯ ಮಕ್ಕಳು ದೊಡ್ಡವರಾದಾಗ ಮನೆಯವರೇ ಅರ್ಜಿ ಹಾಕುವುದಿಲ್ಲ. "ಅವನಿಗೇನು ಗೊತ್ತಾಗತ್ತೆ" ಅನ್ನುತ್ತಾರೆ. ಆದರೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ನ್ಯಾಯಾಲಯ ಘೋಷಿಸಿದರೆ ಮಾತ್ರ ಆ ಕಾರಣಕ್ಕೆ ಹೆಸರು ಸೇರಿಸದೆ ಇರಬಹುದು. ಮನೆಯವರ ತೀರ್ಮಾನ ಅಲ್ಲಿ ನಡೆಯುವುದಿಲ್ಲ. ಪಕ್ಕದ ಮನೆಯವರದ್ದಂತೂ ಇಲ್ಲವೇ ಇಲ್ಲ.

ಮನೆಯಿಂದ ಶಾಲೆವರೆಗೆ ಒಮ್ಮೆ ಹೋಗಿ ಬನ್ನಿ

ಬಯಲುಸೀಮೆಯಲ್ಲಿ ಊರೆಂದರೆ ಒಂದು ಕಡೆ ಇರುತ್ತದೆ. ನಮ್ಮಲ್ಲಿ ಒಂದು ಮನೆ ತೋಟದ ತಲೆಗೆ, ಇನ್ನೊಂದು ಗುಡ್ಡದಾಚೆ. ನಡುವೆ ಗದ್ದೆ ಅಂಚು, ಕಾಲುಸಂಕ, ಮಣ್ಣಿನ ಏರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು, ಶರಾವತಿ ಹಿನ್ನೀರಿನ ಆಚೆಯವರಿಗೆ ಲಾಂಚ್ ಕಾಯುವ ಕಷ್ಟ ತಪ್ಪಿತು. ಒಳ್ಳೆಯದೇ. ಆದರೆ ಟಾರು ರಸ್ತೆಯಿಂದ ಮನೆ ಅಂಗಳದವರೆಗಿನ ಅರ್ಧ ಕಿಲೋಮೀಟರಿಗೆ ಯಾರೂ ಟೇಪು ಕತ್ತರಿಸಲು ಬರುವುದಿಲ್ಲ.

ವೀಲ್‌ಚೇರಿನವರನ್ನೇ ಕರೆದುಕೊಂಡು ಆ ದಾರಿಯಲ್ಲಿ ಒಮ್ಮೆ ಹೋಗಿ. ಎಲ್ಲಿ ನಿಲ್ಲುತ್ತದೋ ಬರೆದುಕೊಳ್ಳಿ. ಸಂಕದ ಹಲಗೆ ಕಿತ್ತಿದೆಯಾ, ಚರಂಡಿಯ ಮೇಲೆ ಕಲ್ಲಿಲ್ಲವಾ, ಶಾಲೆ ಗೇಟಿನ ಕೆಳಗೆ ಕಬ್ಬಿಣದ ಪಟ್ಟಿ ಅಡ್ಡ ಇದೆಯಾ. ದೂರದ ಮನೆಯವರಿಗೆ ಗಾಡಿ ಬೇಕು ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಚುನಾವಣಾಧಿಕಾರಿಗೆ ಮೊದಲೇ ಲಿಖಿತ ಅರ್ಜಿ ಕೊಡಿ. ಆಗಲಿಲ್ಲವೆಂದರೆ ನಾಲ್ಕು ಮನೆಯವರು ಸೇರಿ ಆಟೋ ಮಾಡಿಕೊಳ್ಳಿ. ದುಡ್ಡು ಹೋದರೆ ಹೋಗಲಿ, ಅಭ್ಯರ್ಥಿಯ ಜೀಪು ಮಾತ್ರ ಬೇಡ.

ರ‍್ಯಾಂಪು: ಟೇಪು ಹಿಡಿದೇ ಅಳೆಯಿರಿ

ಮಳೆನೀರು ನುಗ್ಗಬಾರದೆಂದು ನಮ್ಮ ಶಾಲೆಗಳ ಪಾಯ ಎತ್ತರ. ಮೂರು ಮೆಟ್ಟಿಲು ಮಾಮೂಲು. ಒಂದು ಮೆಟ್ಟಿಲು ಅರ್ಧ ಅಡಿ ಅಂದರೂ ಒಟ್ಟು ಒಂದೂವರೆ ಅಡಿ. ರ‍್ಯಾಂಪಿನ ಲೆಕ್ಕ ಒಂದಕ್ಕೆ ಹನ್ನೆರಡು: ಒಂದು ಅಡಿ ಏರಲು 12 ಅಡಿ ಉದ್ದ. ಅಲ್ಲಿಗೆ 18 ಅಡಿ ಬೇಕು. ನಾನು ನೋಡಿದ ಎಷ್ಟೋ ಶಾಲೆಗಳಲ್ಲಿ ಐದಾರು ಅಡಿಯಲ್ಲಿ ಮುಗಿಸಿ, ಪಕ್ಕದಲ್ಲಿ ವೀಲ್‌ಚೇರಿನ ಚಿತ್ರ ಬರೆದಿದ್ದಾರೆ. ಅದು ಬೈಕು ಹತ್ತಿಸಲು ಚೆನ್ನಾಗಿದೆ. ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಅಗಲ ನಾಲ್ಕು ಅಡಿ ಇರಲಿ. ಮೇಲೆ ಬಾಗಿಲ ಮುಂದೆ ಕುರ್ಚಿ ತಿರುಗಿಸಲು ಐದಡಿ ಸಮತಟ್ಟು ಜಾಗ ಬೇಕು. ಎರಡೂ ಬದಿ ಹಿಡಿಕೆ, ಅಂಚಿಗೆ ಎರಡಿಂಚು ಕಟ್ಟೆ. ಸಿಮೆಂಟು ನುಣ್ಣಗೆ ಸಾರಿಸಬೇಡಿ, ಹಸಿ ಇರುವಾಗಲೇ ಪೊರಕೆಯಿಂದ ಅಡ್ಡಡ್ಡ ಗೀರು ಹಾಕಿಸಿ. ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಕಾಲಿರುವವರೂ ಜಾರುತ್ತಾರೆ.

ದುಡ್ಡು? ಗ್ರಾಮ ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಗ್ರಾಮಸಭೆಯಲ್ಲಿ ಕೇಳಿ, ಕೇಳಿದ್ದು ನಡಾವಳಿಯಲ್ಲಿ ಬರೆಯುವ ತನಕ ಏಳಬೇಡಿ. ಶಾಲೆಯ ಜಾಗವಾದ್ದರಿಂದ ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಇದೆಲ್ಲ ಚುನಾವಣೆ ಘೋಷಣೆಗೆ ಮುಂಚೆ ಆಗಬೇಕು. ನೀತಿ ಸಂಹಿತೆ ಬಂದ ಮೇಲೆ ಎಲ್ಲರೂ ಕೈ ಚೆಲ್ಲುತ್ತಾರೆ.

ಹೊತ್ತು ಮೀರಿದ್ದರೆ ತಾತ್ಕಾಲಿಕ ರ‍್ಯಾಂಪು. ದಪ್ಪ ಹಲಗೆ ಸಿಕ್ಕರೆ ಅದೇ ವಾಸಿ. ಅಡಿಕೆ ದಬ್ಬೆಯಲ್ಲೂ (ಅಡಿಕೆ ಮರ ಸೀಳಿದ ಪಟ್ಟಿ) ಮಾಡಬಹುದು, ಆದರೆ ಉದ್ದಕ್ಕೆ ಜೋಡಿಸಿದರೆ ಸಂದಿಯಲ್ಲಿ ಗಾಲಿ ಸಿಕ್ಕಿಕೊಳ್ಳುತ್ತದೆ. ಅಡ್ಡಕ್ಕೆ, ಒತ್ತೊತ್ತಾಗಿ ಹೊಡೆಯಿರಿ. ಕೆಳಗೆ ಗಟ್ಟಿ ಆಧಾರ ಕೊಡಿ. ದಬ್ಬೆ ಒದ್ದೆಯಾದರೆ ಎಣ್ಣೆ ಸವರಿದ ಹಾಗೆ, ಅದಕ್ಕೆ ಮೇಲೆ ಗೋಣಿತಾಟು ಬಿಗಿಯಾಗಿ ಮೊಳೆ ಹೊಡೆದು ಹಾಸಿ. ಹಿಂದಿನ ದಿನ ಕುರ್ಚಿಯಲ್ಲಿ ಒಂದು ಅಡಿಕೆ ಮೂಟೆ ಕಟ್ಟಿ ಹತ್ತಿಸಿ, ಇಳಿಸಿ ನೋಡಿ. ಮನುಷ್ಯರ ಮೇಲೆ ಮೊದಲ ಪ್ರಯೋಗ ಬೇಡ, ಅಲ್ವಾ?

ಹಿಂದಿನ ಸಂಜೆ ಒಳಗೆ ಇಣುಕಿ

ಮತಗಟ್ಟೆ ಸಿಬ್ಬಂದಿ ಹಿಂದಿನ ದಿನವೇ ಬಂದು ಶಾಲೆಯಲ್ಲಿ ಉಳಿಯುತ್ತಾರೆ. ಊಟ ತಿಂಡಿ ವಿಚಾರಿಸಲು ಹೋದಾಗಲೇ ಮತಗಟ್ಟೆ ಅಧಿಕಾರಿಗೆ ಹೇಳಿ: ನಾಳೆ ಇಷ್ಟು ಜನ ವಿಕಲಚೇತನರು ಬರುತ್ತಾರೆ, ವೀಲ್‌ಚೇರಿನವರು ಇಬ್ಬರು, ಕಣ್ಣು ಕಾಣದವರು ಒಬ್ಬರು. ಬಾಗಿಲು ಮೂರಡಿ ತೆರೆಯುತ್ತದಾ ನೋಡಿ. ಮತಪತ್ರಕ್ಕೆ ಮುದ್ರೆ ಒತ್ತುವ ಮೇಜು ಎರಡೂವರೆ ಅಡಿಗಿಂತ ಎತ್ತರ ಬೇಡ, ಕೆಳಗೆ ಮೊಣಕಾಲು ಹೋಗುವ ಹಾಗಿರಲಿ. ಮತಪೆಟ್ಟಿಗೆಯನ್ನು ತಗ್ಗಿನ ಬೆಂಚಿನ ಮೇಲಿಟ್ಟರೆ ಕೂತವರ ಕೈಗೂ ಎಟುಕುತ್ತದೆ. ಕರೆಂಟು ಯಾವಾಗ ಹೋಗುತ್ತದೋ, ಮಂದ ದೃಷ್ಟಿಯವರಿಗಾಗಿ ಮರೆಯೊಳಗೆ ಒಂದು ಚಾರ್ಜಿಂಗ್ ಲೈಟು ಇರಲಿ.

ಕಣ್ಣು ಕಾಣದವರಿಗೆ ಕಾಗದದ ಮತಪತ್ರ

ಮತಯಂತ್ರದಲ್ಲಿ ಗುಂಡಿಯ ಪಕ್ಕ ಬ್ರೈಲ್ ಅಂಕಿ ಇರುತ್ತದೆ. ಆದರೆ 2020ರ ಪಂಚಾಯಿತಿ ಚುನಾವಣೆಯಲ್ಲಿ ಯಂತ್ರ ಬಳಸಿದ್ದು ಬೀದರ್ ಜಿಲ್ಲೆಯಲ್ಲಿ ಮಾತ್ರ. ನಮಗೆ ಕಾಗದ, ರಬ್ಬರ್ ಮುದ್ರೆ. ಸಾಲದ್ದಕ್ಕೆ ಒಂದೇ ವಾರ್ಡಿನಲ್ಲಿ ಎರಡು ಮೂರು ಸ್ಥಾನ ಇದ್ದರೆ ಅಷ್ಟೂ ವೋಟು ಹಾಕಬಹುದು. ಸ್ಥಾನಕ್ಕಿಂತ ಜಾಸ್ತಿ ಮುದ್ರೆ ಬಿದ್ದರೆ ಮತ ಕೆಟ್ಟುಹೋಗುತ್ತದೆ.

ಇಲ್ಲಿ ಜೊತೆಗಾರರು ಬೇಕಾಗುತ್ತದೆ. ವಿಧಾನಸಭೆ, ಲೋಕಸಭೆಯ ನಿಯಮದಲ್ಲಿ ಜೊತೆಗಾರರಿಗೆ 18 ತುಂಬಿರಬೇಕು. ಒಬ್ಬರು ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ಜೊತೆಯಾಗಬಹುದು. ಗುಟ್ಟು ಬಿಡುವುದಿಲ್ಲ ಎಂದು ಬರೆದುಕೊಡಬೇಕು. ಪಂಚಾಯಿತಿ ಚುನಾವಣೆಗೂ ಇದೇ ಅಳತೆ ಇಟ್ಟುಕೊಂಡು ಆರಿಸಿ, ಫಾರಂ ಅಲ್ಲೇ ಕೇಳಿ. ಯಾವುದೇ ಅಭ್ಯರ್ಥಿಯ ಏಜೆಂಟ್ "ಬನ್ನಿ ಮೇಷ್ಟ್ರೇ, ನಾನೇ ಹಾಕಿಸ್ತೀನಿ" ಅಂದರೆ ಬೇಡ ಅನ್ನಿ. ಜೊತೆಗೆ ಯಾರು ಬರಬೇಕು ಅನ್ನುವುದು ನಿಮ್ಮ ಆಯ್ಕೆ.

ಅಂತಿಮ ಅಭ್ಯರ್ಥಿಗಳ ಪಟ್ಟಿ ಬಂದ ಮೇಲೆ ಹೆಸರು, ಚಿಹ್ನೆಯನ್ನು ಅದೇ ಸಾಲಿನಲ್ಲಿ ಓದಿಸಿಕೊಳ್ಳಿ. ಹಳೇ ಕ್ಯಾಲೆಂಡರಿನ ಬೆನ್ನಿಗೆ ಸಣಬಿನ ದಾರ ಸಾಲಾಗಿ ಅಂಟಿಸಿ, ಬೆರಳಲ್ಲಿ ಎಣಿಸಿ ಮೂರನೇ ಮನೆ, ಐದನೇ ಮನೆ ಹುಡುಕುವ ಅಭ್ಯಾಸ ಮಾಡಿ. ಒಳಗೆ ಜೊತೆಗಾರರು ಬೆರಳನ್ನು ಜಾಗಕ್ಕೆ ಮುಟ್ಟಿಸಿದರೆ ಸಾಕು, ಮುದ್ರೆ ನೀವೇ ಒತ್ತಬಹುದು. ಜೊತೆಗೆ ಹೋದವರು ಹೊರಗೆ ಬಂದು ಕಟ್ಟೆಮೇಲೆ ಕೂತು "ಯಾರಿಗೆ ಹಾಕಿದ್ರು ಗೊತ್ತಾ" ಅನ್ನುವ ಪೈಕಿ ಆಗಿರಬಾರದು, ಅಷ್ಟೇ.

ಕಿವಿ ಕೇಳದವರ ಹತ್ತಿರ ಕೂಗಬೇಡಿ. ಮುಖ ನೋಡಿ ನಿಧಾನ ಹೇಳಿ, ಇಲ್ಲವೇ ಚೀಟಿಯಲ್ಲಿ ಬರೆದು ತೋರಿಸಿ. ಎಡಗೈ ತೋರುಬೆರಳು ಇಲ್ಲದವರಿಗೆ ಶಾಯಿಯನ್ನು ಬೇರೆ ಬೆರಳಿಗೆ ಹಾಕುತ್ತಾರೆ. ಅದಕ್ಕೆಂದು ವಾಪಸ್ ಕಳಿಸುವಂತಿಲ್ಲ.

ಹೋದ ತಿಂಗಳು ನಾನು, ಚಿಕ್ಕಪ್ಪ, ವಿಆರ್‌ಡಬ್ಲ್ಯೂ ಮೂವರೂ ಟೇಪು ಹಿಡಿದು ಶಾಲೆಗೆ ಹೋಗಿದ್ದೆವು. ನೇರಕ್ಕೆ 18 ಅಡಿ ಎಳೆದರೆ ಧ್ವಜಕಟ್ಟೆಗೆ ಬಡಿಯುತ್ತದೆ. ನಾವಿಬ್ಬರೂ ತಲೆ ಕೆರೆದುಕೊಂಡೆವು. "ಗೋಡೆ ಗುಂಟ ತಿರುಗ್ಸೋ, ಮಧ್ಯೆ ಉಸಿರಾಡೋಕೊಂದು ಜಾಗ ಬಿಡು" ಅಂದರು ಚಿಕ್ಕಪ್ಪ. ಹತ್ತಡಿ ಹೋಗಿ, ಐದಡಿ ಸಮತಟ್ಟಿನಲ್ಲಿ ತಿರುಗಿ, ಮತ್ತೆ ಎಂಟಡಿ. ಲೆಕ್ಕ ಕೂತಿತು. ಅರ್ಜಿಗೆ ಮೊದಲ ಸಹಿ ಅವರದ್ದೇ. ಎರಡನೆಯದು, ಅವತ್ತು ಅವರ ಕುರ್ಚಿ ಎತ್ತಿದ್ದ ಹುಡುಗನದ್ದು.