ಹಳೆ ಸ್ವಿಫ್ಟ್‌ಗೆ ಸಿಂಥೆಟಿಕ್ ಆಯಿಲ್: ನಾನು ಮಾಡಿದ್ದು ಹೀಗೆ

ನಮ್ಮದು ಪೆಟ್ರೋಲ್ ಸ್ವಿಫ್ಟ್, 1.2 ಲೀಟರ್ ಕೆ-ಸೀರೀಸ್ ಎಂಜಿನ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬಾನೆಟ್ ಒಳಗೆ ಹಿಂದಿನ ಮಾಲೀಕರ ಕಾಲದ ಆಯಿಲ್ ಚೀಟಿ ಇನ್ನೂ ಅಂಟಿಕೊಂಡಿತ್ತು. ಬಾಲ್ ಪೆನ್ನಿನಲ್ಲಿ 20ಡಬ್ಲ್ಯು-40 ಅಂತ ಬರೆದಿತ್ತು. ಇದು ಆಯಿಲಿನ ದಪ್ಪ ಹೇಳುವ ಗ್ರೇಡು: ಮೊದಲ ಅಂಕಿ ತಣ್ಣಗಿರುವಾಗಿನದು, ಎರಡನೆಯದು ಬಿಸಿಯಾದಾಗಿನದು. ಅಂಕಿ ಕಡಿಮೆಯಾದಷ್ಟೂ ಆಯಿಲ್ ತೆಳು. ಪೆಟ್ರೋಲ್ ಬಂಕಿನಲ್ಲಿ ಸಿಗುವ ಮಾಮೂಲಿ ಮಿನರಲ್ ಆಯಿಲ್, ಅಂದರೆ ಕಚ್ಚಾ ತೈಲ ಸಂಸ್ಕರಿಸಿ ಮಾಡಿದ್ದು. ಗಾಡಿಯ ಕೈಪಿಡಿ ತೆಗೆದು ನೋಡಿದರೆ ಅಲ್ಲಿ ಮೊದಲ ಆಯ್ಕೆ 5ಡಬ್ಲ್ಯು-30. ಅಂದರೆ ನಾನು ಬದಲಾಯಿಸಬೇಕಾಗಿದ್ದು ಎರಡು: ಗ್ರೇಡು, ಮತ್ತೆ ಆಯಿಲಿನ ಜಾತಿ. ಈ ಎರಡನ್ನೂ ಒಂದೇ ಅಂದುಕೊಂಡು ಮಾತಾಡುವವರೇ ಜಾಸ್ತಿ.

ನಾನು ಸಿಂಥೆಟಿಕ್ (ರಾಸಾಯನಿಕ ವಿಧಾನದಲ್ಲಿ ತಯಾರಿಸಿದ ಆಯಿಲ್) ಕಡೆ ಹೋಗಿದ್ದಕ್ಕೆ ಕಾರಣ ಬೆಂಗಳೂರಿನ ಟ್ರಾಫಿಕ್. ಆಯಿಲ್ ಚೇಂಜ್ ಲೆಕ್ಕವನ್ನು ಎಲ್ಲರೂ ಕಿಲೋಮೀಟರಿನಲ್ಲೇ ಹಾಕುತ್ತೇವೆ. ಎಂಜಿನ್ನಿಗೆ ಲೆಕ್ಕ ಗಂಟೆಯದು. ಸರಾಸರಿ 60ರ ವೇಗದಲ್ಲಿ ಹೈವೇ ಓಡುವ ಗಾಡಿಗೆ 10,000 ಕಿ.ಮೀ. ಮುಗಿಸಲು 170 ಗಂಟೆ ಸಾಕು. ಸಿಟಿಯೊಳಗೆ 15ರ ಸರಾಸರಿಯಲ್ಲಿ ತೆವಳಿದರೆ ಅದೇ ದೂರಕ್ಕೆ 660 ಗಂಟೆಗಿಂತ ಜಾಸ್ತಿ ಬೇಕು. ಅಷ್ಟೂ ಹೊತ್ತು ಆಯಿಲ್ ಬಿಸಿಯಲ್ಲಿ ಬೇಯುತ್ತಿರುತ್ತದೆ. ಬಿಸಿಗೆ ಗಾಳಿ ಸೇರಿದರೆ ಮಿನರಲ್ ಆಯಿಲ್ ಬೇಗ ಕೆಟ್ಟು ಗಟ್ಟಿಯಾಗುತ್ತದೆ, ಒಳಗೆ ಕಂದು ಪದರ ಕಟ್ಟುತ್ತದೆ. ಸಿಂಥೆಟಿಕ್ ಇದನ್ನು ಜಾಸ್ತಿ ಹೊತ್ತು ತಡೆದುಕೊಳ್ಳುತ್ತದೆ. ಅದರ ಅಸಲಿ ಲಾಭ ನನ್ನ ಪ್ರಕಾರ ಇದೇ. ಚಳಿಯಲ್ಲಿ ಬೇಗ ಹರಿಯುತ್ತದೆ ಅನ್ನೋದೂ ನಿಜ, ಆದರೆ ನಮ್ಮ ಕಡೆ ಅಂಥ ಚಳಿ ಎಲ್ಲಿದೆ?

ನಮ್ಮ ಮೆಕ್ಯಾನಿಕ್ ಅಣ್ಣನಿಗೆ ಇದು ಇಷ್ಟ ಆಗಲಿಲ್ಲ. "ಹಳೆ ಗಾಡಿಗೆ ಸಿಂಥೆಟಿಕ್ ಹಾಕಿದ್ರೆ ಸೀಲ್‌ನಲ್ಲೆಲ್ಲ ಲೀಕ್ ಆಗತ್ತೆ ಸಾರ್, ಸುಮ್ನೆ ಯಾಕೆ" ಅಂದರು. ಅವರ ಮಾತಿಗೆ ಒಂದು ಹಿನ್ನೆಲೆ ಇದೆ. ಮೊದಮೊದಲು ಬಂದ ಕೆಲವು ಸಿಂಥೆಟಿಕ್‌ಗಳಲ್ಲಿ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಸೀಲ್ ಕುಗ್ಗುತ್ತಿತ್ತು. ಆಮೇಲೆ ಕಂಪನಿಗಳು ಸೀಲ್ ಉಬ್ಬಿಸುವ ಎಸ್ಟರ್ ಅನ್ನುವ ರಾಸಾಯನಿಕ ಬೆರೆಸಿ ಅದನ್ನು ಸರಿ ಮಾಡಿಕೊಂಡವು. ಈಗಲೂ ಹಳೆ ಗಾಡಿಯಲ್ಲಿ ಲೀಕ್ ಕಾಣಿಸಿಕೊಂಡರೆ ಸೀಲ್ ಮೊದಲೇ ಹೋಗಿರುತ್ತದೆ. ಬಿರುಕಿಗೆ ಮೆತ್ತಿಕೊಂಡಿದ್ದ ಕೊಳೆ ಕರಗುತ್ತದೆ, ತೆಳು ಆಯಿಲ್ ಅಲ್ಲಿಂದ ಹೊರಗೆ ಬರುತ್ತದೆ.

ಹಾಗಾಗಿ ಡಬ್ಬಿ ಕೊಳ್ಳುವ ಮೊದಲು ಎಂಜಿನ್ ನೋಡಿಕೊಂಡೆ. ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಕಾಣುತ್ತದೆ. ಅಲ್ಲಿ ಚಹಾ ಬಣ್ಣದ ತೆಳು ಪದರ ಇದ್ದರೆ ಚಿಂತೆಯಿಲ್ಲ. ಕಪ್ಪು ಗ್ರೀಸಿನಂತೆ ದಪ್ಪಗೆ ಕೂತಿದ್ದರೆ ಮೊದಲು ಅದರ ಕಥೆ ನೋಡಬೇಕು. ನಮ್ಮದರಲ್ಲಿ ಚಹಾ ಬಣ್ಣವಷ್ಟೇ ಇತ್ತು. ಟ್ಯಾಪೆಟ್ ಕವರಿನ (ಎಂಜಿನ್ ತಲೆಯ ಮೇಲಿನ ಹೊದಿಕೆ) ಅಂಚಿನಲ್ಲಿ ಮಾತ್ರ ಎಣ್ಣೆ ಜಿನುಗಿ, ಅದಕ್ಕೆ ಧೂಳು ಹತ್ತಿಕೊಂಡಿತ್ತು. ಆ ಪ್ಯಾಕಿಂಗ್ ಮೊದಲು ಬದಲಾಯಿಸಿದೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸೀಲಿನ ಜಾಗ ಒಣಗಿತ್ತು.

ಫ್ಲಶ್ (ಆಯಿಲ್ ಬದಲಿಸುವ ಮೊದಲು ಒಳಗಿನ ಕೊಳೆ ತೊಳೆಯುವ ದ್ರವ) ಹಾಕಲಿಲ್ಲ. ಒಳಗೆ ಕೊಳೆ ಕಟ್ಟಿದ್ದರೆ ಅದು ಒಮ್ಮೆಲೇ ಕಿತ್ತು ಬಂದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರಬಹುದು. ಕೊಳೆ ಇಲ್ಲದಿದ್ದರೆ ಫ್ಲಶ್ ಯಾಕೆ ಬೇಕು? ಹಳೆ ಮಿನರಲ್ ಸ್ವಲ್ಪ ಒಳಗೇ ಉಳಿಯುತ್ತದಲ್ಲ ಅಂತ ಕೇಳುವವರಿದ್ದಾರೆ. ಉಳಿಯುತ್ತದೆ. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುಣಮಟ್ಟದ ಗುರುತಿನ ಎಂಜಿನ್ ಆಯಿಲ್‌ಗಳು ಒಂದರಲ್ಲೊಂದು ಬೆರೆಯುವಂಥವೇ. ನಾಳೆ ಮನಸ್ಸು ಬದಲಾದರೆ ಮತ್ತೆ ಮಿನರಲ್‌ಗೆ ಹೋಗಲೂ ಅಡ್ಡಿಯಿಲ್ಲ.

ಆಯಿಲ್ ಆರಿಸುವಾಗ ಡಬ್ಬಿಯ ಮುಂಭಾಗ ಬಿಟ್ಟು ಹಿಂಭಾಗ ಓದಿ. ಮುಂದೆ "ಫುಲ್ಲಿ ಸಿಂಥೆಟಿಕ್", "ಸಿಂಥೆಟಿಕ್ ಟೆಕ್ನಾಲಜಿ" ಅಂತೆಲ್ಲ ದೊಡ್ಡದಾಗಿ ಇರುತ್ತದೆ. ಕಚ್ಚಾ ತೈಲವನ್ನೇ ಹೈಡ್ರೊಕ್ರ್ಯಾಕಿಂಗ್‌ನಿಂದ (ಒತ್ತಡದಲ್ಲಿ ಹೈಡ್ರೋಜನ್ ಸೇರಿಸಿ) ಚೆನ್ನಾಗಿ ಸಂಸ್ಕರಿಸಿದ, ಗ್ರೂಪ್ 3 ಅಂತ ಕರೆಯುವ ಎಣ್ಣೆಯೂ ಸಿಂಥೆಟಿಕ್ ಹೆಸರಲ್ಲೇ ಬರುತ್ತದೆ. ಇದನ್ನು ಹಾಗೆ ಕರೆಯಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಆಯಿಲ್ ಕಂಪನಿಗಳ ನಡುವೆ ಜಗಳವೇ ಆಗಿತ್ತು. 1999ರಲ್ಲಿ ಅಲ್ಲಿನ ಜಾಹೀರಾತು ಮಂಡಳಿ ಕ್ಯಾಸ್ಟ್ರಾಲ್ ಪರ ನಿಂತಿತು. ನನಗೆ ಅದರ ಬಗ್ಗೆ ತಕರಾರಿಲ್ಲ, ಒಳ್ಳೆಯ ಗ್ರೂಪ್ 3 ಎಣ್ಣೆ ನಮ್ಮಂಥವರ ಗಾಡಿಗೆ ಧಾರಾಳ ಸಾಕು. "ಸೆಮಿ ಸಿಂಥೆಟಿಕ್" ಅನ್ನುವುದರಲ್ಲಿ ಮಾತ್ರ ಸಿಂಥೆಟಿಕ್ ಎಷ್ಟಿದೆ ಅಂತ ಡಬ್ಬಿ ಹೇಳುವುದಿಲ್ಲ. ನಾನು ನೋಡಿದ್ದು ಎರಡೇ: 5ಡಬ್ಲ್ಯು-30 ಗ್ರೇಡು, ಎಪಿಐ ಎಸ್‌ಪಿ ಗುರುತು. ಎಸ್‌ಪಿ ಬಂದದ್ದು 2020ರಲ್ಲಿ. ಅದಕ್ಕಿಂತ ಹಿಂದಿನ ಎಸ್‌ಎನ್ ಕೇಳುವ ಪೆಟ್ರೋಲ್ ಎಂಜಿನ್ನಿಗೂ ಅದು ನಡೆಯುತ್ತದೆ. ಕೊಂಡಿದ್ದು ಜೆ.ಸಿ. ರಸ್ತೆಯ ಒಂದು ಗೊತ್ತಿರುವ ಅಂಗಡಿಯಲ್ಲಿ, ಬಿಲ್ ಸಮೇತ. ಎಲ್ಲರಿಗಿಂತ ತೀರಾ ಕಡಿಮೆಗೆ ಯಾರಾದರೂ ಕೊಟ್ಟರೆ ಮುಚ್ಚಳದ ಸೀಲ್ ಒಮ್ಮೆ ನೋಡಿಕೊಳ್ಳಿ. ನಕಲಿ ಆಯಿಲ್ ದಂಧೆ ಸಣ್ಣದೇನಲ್ಲ.

ಇನ್ನು ಕೆಲಸ. ಎಂಜಿನ್ ಬೆಚ್ಚಗಿರಬೇಕು, ಸುಡಬಾರದು. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಲೇಬೇಡಿ, ಸ್ಟ್ಯಾಂಡ್ ಕೊಡಿ. ಚೇಂಬರಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಡ್ರೈನ್ ಬೋಲ್ಟ್ ಸಡಿಲ ಮಾಡುವ ಮೊದಲು ಮೇಲಿನ ಆಯಿಲ್ ಮುಚ್ಚಳ ತೆಗೆದಿಟ್ಟರೆ ಆಯಿಲ್ ಸರಾಗವಾಗಿ ಇಳಿಯುತ್ತದೆ. ಕೊನೆಯ ಸುತ್ತಿನಲ್ಲಿ ಬೋಲ್ಟನ್ನು ಒಳಕ್ಕೆ ಒತ್ತಿಕೊಂಡೇ ತಿರುಗಿಸಿ, ಒಮ್ಮೆಲೇ ಪಕ್ಕಕ್ಕೆ ಎಳೆಯಬೇಕು. ಇಲ್ಲದಿದ್ದರೆ ಎಣ್ಣೆ ಮೊಣಕೈವರೆಗೂ ಇಳಿಯುತ್ತದೆ. ಧಾರೆ ನಿಂತು ಹನಿ ಹನಿಯಾಗುವವರೆಗೆ ಬಿಟ್ಟೆ. ಅವಸರ ಮಾಡಿದಷ್ಟೂ ಹಳೆಯದು ಒಳಗೆ ಉಳಿಯುತ್ತದೆ. ಬೋಲ್ಟಿನ ವಾಷರ್ ಹೊಸದು ಹಾಕಿ. ಕೆಲವೇ ರೂಪಾಯಿಯ ಸಾಮಾನು, ಆದರೆ ಹಳೆಯದು ಅಪ್ಪಚ್ಚಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ.

ಫಿಲ್ಟರ್ ಬಿಚ್ಚಿದ ಕೂಡಲೇ ಅದರ ಬಾಯಿ ನೋಡಿ. ರಬ್ಬರ್ ರಿಂಗ್ ಅದರಲ್ಲೇ ಬಂದಿದೆಯಾ? ನಮ್ಮದರಲ್ಲಿ ಬಂದಿರಲಿಲ್ಲ, ಎಂಜಿನ್ ಬ್ಲಾಕಿಗೇ ಅಂಟಿಕೊಂಡಿತ್ತು. ಎಣ್ಣೆಯ ಕಪ್ಪಿನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ, ಬೆರಳಾಡಿಸಿದಾಗಲೇ ಗೊತ್ತಾಗಿದ್ದು. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದ್ದರೆ ಎರಡು ರಿಂಗ್ ಒಂದರ ಮೇಲೊಂದು ಕೂತು, ಎಂಜಿನ್ ಸ್ಟಾರ್ಟ್ ಆಗಿ ಪ್ರೆಷರ್ ಬಂದ ತಕ್ಷಣ ಆಯಿಲ್ ಚಿಮ್ಮುತ್ತಿತ್ತು. ಆಮೇಲೆ ಬೈಗುಳ ಸಿಂಥೆಟಿಕ್ಕಿಗೆ! ಹೊಸ ಫಿಲ್ಟರಿನ ರಿಂಗಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ, ಅದು ಬ್ಲಾಕಿಗೆ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿ ಮಾಡಿದೆ. ಸ್ಪ್ಯಾನರ್ ಹಾಕಿ ಜಗ್ಗಿದರೆ ಮುಂದಿನ ಸಲ ಬಿಚ್ಚುವವನ ಶಾಪ ತಟ್ಟುತ್ತದೆ.

ಈ ಎಂಜಿನ್ ಹಿಡಿಯುವುದು ಮೂರು ಲೀಟರಿಗಿಂತ ಚೂರು ಜಾಸ್ತಿ. ನಾನು ಮೊದಲು ಸ್ವಲ್ಪ ಕಡಿಮೆಯೇ ಸುರಿದು, ಸ್ಟಾರ್ಟ್ ಮಾಡಿ, ಆಯಿಲ್ ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಓಡಿಸಿ ಆಫ್ ಮಾಡಿದೆ. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ ಉಳಿದದ್ದು ಹಾಕಿದೆ. ಮೇಲಿನ ಗುರುತು ದಾಟಿಸಬಾರದು. ದಾಟಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ.

ವ್ಯತ್ಯಾಸ ಏನು ಅಂತ ಎಲ್ಲರೂ ಕೇಳುತ್ತಾರೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡು ಬರುತ್ತಿದ್ದ ಗರಗರ ಕಡಿಮೆಯಾಯಿತು. ಈ ಎಂಜಿನ್ನಿನ ಟೈಮಿಂಗ್ ಚೈನನ್ನು (ಕ್ರ್ಯಾಂಕಿನಿಂದ ಕ್ಯಾಮ್‌ಶಾಫ್ಟ್ ತಿರುಗಿಸುವ ಸರಪಳಿ) ಬಿಗಿ ಹಿಡಿಯುವ ಟೆನ್ಷನರ್ ಆಯಿಲ್ ಪ್ರೆಷರಿನಿಂದಲೇ ಕೆಲಸ ಮಾಡುವುದು. ತೆಳು ಆಯಿಲ್ ಅಲ್ಲಿಗೆ ಬೇಗ ಮುಟ್ಟುತ್ತದೆ. ಇದರ ಶ್ರೇಯಸ್ಸು 5ಡಬ್ಲ್ಯುಗೆ ಸಲ್ಲಬೇಕು, ಸಿಂಥೆಟಿಕ್ ಅನ್ನುವ ಹೆಸರಿಗಲ್ಲ. ಬಿಸಿಯಾದ ಮೇಲೆ ಸದ್ದು ಮೊದಲಿಗಿಂತ ಚೂರು ಜಾಸ್ತಿ ಅನಿಸಿತು, 40ರ ದಪ್ಪ ಈಗ ಇಲ್ಲವಲ್ಲ. ಮೈಲೇಜಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. ಬೆಳ್ತಂಗಡಿಯ ಕಡೆ ಊರಿಗೆ ಚಾರ್ಮಾಡಿ ಘಾಟಿ ಇಳಿದು ಹತ್ತಿ ಬಂದ ಮೇಲೆ ಡಿಪ್‌ಸ್ಟಿಕ್ ನೋಡಿದರೆ ಮಟ್ಟ ಸ್ವಲ್ಪ ಇಳಿದಿತ್ತು. ವಯಸ್ಸಾದ ಎಂಜಿನ್ನಿಗೆ ತೆಳು ಆಯಿಲ್ ಹಾಕಿದರೆ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಉರಿಯುವುದು ಇದ್ದದ್ದೇ. ಆದ್ದರಿಂದ ಮೊದಮೊದಲು ವಾರಕ್ಕೊಮ್ಮೆ ಮಟ್ಟ ನೋಡಿ. ಆಯಿಲ್ ಬೇಗ ಕಪ್ಪಾಗಿದ್ದೂ ನಿಜ. ಕೊಳೆಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಅದಕ್ಕೇ ಮೊದಲ ಸಲ 5,000 ಕಿ.ಮೀ.ಗೆ ಫಿಲ್ಟರ್ ಸಮೇತ ಬದಲಾಯಿಸಿದೆ. ಈಗ ಕೈಪಿಡಿಯ ಲೆಕ್ಕದಂತೆ 10,000 ಕಿ.ಮೀ. ಅಥವಾ ವರ್ಷ, ಯಾವುದು ಮೊದಲೋ ಅದು. ಸಿಂಥೆಟಿಕ್ ಅಂತ 15,000ಕ್ಕೆ ಎಳೆಯುವವರನ್ನು ನೋಡಿದ್ದೇನೆ. ನಮ್ಮ ಟ್ರಾಫಿಕ್ಕಿನಲ್ಲಿ ನಾನಂತೂ ಎಳೆಯಲ್ಲ.

ಖರ್ಚು ಮಿನರಲ್‌ಗಿಂತ ಒಂದೂವರೆಯಿಂದ ಎರಡು ಪಟ್ಟು. ಹೈವೇ ಓಡಾಟವೇ ಜಾಸ್ತಿ ಇದ್ದು, ಸರಿಯಾದ ಸಮಯಕ್ಕೆ ಆಯಿಲ್ ಬದಲಾಯಿಸುವವರು, ಕೈಪಿಡಿ ಒಪ್ಪುವ ಗ್ರೇಡಿನ ಮಿನರಲ್ಲೇ ಹಾಕಿದರೆ ನಾನು ಬೇಡ ಅನ್ನಲ್ಲ. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಇರುವ ಗಾಡಿಯವರು ಮಾತ್ರ ಕೈಪಿಡಿ ಹೇಳಿದ್ದನ್ನು ಬಿಟ್ಟು ಆಚೀಚೆ ಹೋಗಬೇಡಿ. ಟರ್ಬೊದ ಬೇರಿಂಗ್ ಹತ್ತಿರದ ಬಿಸಿಗೆ ಕಳಪೆ ಆಯಿಲ್ ಸುಟ್ಟು ಕರಕಲಾಗುತ್ತದೆ.

ಹಳೆ ಆಯಿಲ್ ಮೋರಿಗೆ ಚೆಲ್ಲಬೇಡಿ. ಖಾಲಿ ಡಬ್ಬಿಗೇ ತುಂಬಿ ಗ್ಯಾರೇಜಿಗೆ ಕೊಡಿ, ಅವರ ಹತ್ತಿರ ಸಂಗ್ರಹಿಸುವವರು ಬರುತ್ತಾರೆ. ಇನ್ನೊಂದು ಮಾತು. ಆಯಿಲ್ ಸಾಮಾನ್ಯವಾಗಿ 3.5 ಲೀಟರ್ ಡಬ್ಬಿಯಲ್ಲಿ ಬರುವುದರಿಂದ ಕೊನೆಗೆ ಸ್ವಲ್ಪ ಉಳಿಯುತ್ತದೆ. ಮೆಕ್ಯಾನಿಕ್ ಅಣ್ಣನಿಗೆ ಅದರ ಮೇಲೆ ಕಣ್ಣು, ತನ್ನ ಸ್ಪ್ಲೆಂಡರಿಗೆ ಹಾಕೋಣ ಅಂತ. ಕೊಡಲಿಲ್ಲ. ಗೇರ್ ಇರುವ ಬೈಕಿನಲ್ಲಿ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಕಾರಿನ ತೆಳು ಆಯಿಲಿನಲ್ಲಿ ಸಾಮಾನ್ಯವಾಗಿ ಜಾರಿಸುವ ರಾಸಾಯನಿಕ ಬೆರೆಸಿರುತ್ತಾರೆ, ಅದರಿಂದ ಕ್ಲಚ್ ಸ್ಲಿಪ್ ಆಗಬಹುದು. ಬೈಕಿಗೆ ಜಾಸೊ ಎಂಎ (ಇಂಥ ಕ್ಲಚ್‌ಗೆ ಹೊಂದುವ ಆಯಿಲಿನ ಜಪಾನಿ ಗುರುತು) ಅಂತ ಬರೆದಿರುವುದೇ ಬೇಕು. ಉಳಿದ ಆಯಿಲ್ ಡಬ್ಬಿಯ ಮೇಲೆ ಮಾರ್ಕರಿನಲ್ಲಿ "ಸ್ವಿಫ್ಟ್ ಟಾಪ್-ಅಪ್" ಅಂತ ಬರೆದು ಡಿಕ್ಕಿಯಲ್ಲಿ ಇಟ್ಟಿದ್ದೇನೆ.