ಮುತ್ತಲ ಎಂದು ಹೂ ಬಿಟ್ಟಿತು? ಮರಗಳ ಋತುದಾಖಲೆ ಇಡುವ ಕ್ರಮ

ಸೈಬೀರಿಯ, ಕೆನಡಾ, ಫಿನ್ಲೆಂಡ್‌ಗಳ ಶೀತವಲಯದ ಕಾಡುಗಳಲ್ಲಿ ಮರದ ವರ್ಷವನ್ನು ಆಳುವುದು ಚಳಿ. ಲಾರ್ಚ್ ಮರವು ಚಳಿಗಾಲಕ್ಕೆ ಮುನ್ನ ಸೂಜಿಯೆಲೆಗಳನ್ನೆಲ್ಲ ಉದುರಿಸಿಬಿಡುತ್ತದೆ. ಸ್ಪ್ರೂಸ್ ಮತ್ತು ಪೈನ್ ಎಲೆ ಉಳಿಸಿಕೊಂಡೇ ತಿಂಗಳುಗಟ್ಟಲೆ ಬೆಳವಣಿಗೆಯನ್ನು ನಿಲ್ಲಿಸುತ್ತವೆ. ಬಾಗಲಕೋಟೆ, ವಿಜಯಪುರ ಮತ್ತು ಬೆಳಗಾವಿಯ ಪೂರ್ವ ತಾಲ್ಲೂಕುಗಳಲ್ಲಿ ಆ ಅಧಿಕಾರ ನೀರಿನದು. ನಮ್ಮ ಮರಗಳು ಎಲೆ ಉದುರಿಸುವುದು ಒಣಹವೆಗೆ, ಆದರೆ ಅವುಗಳಲ್ಲಿ ಅನೇಕವು ಮಳೆಗಾಗಿ ಕಾಯದೆ ಬಿಸಿಲು ನೆತ್ತಿ ಸುಡುವ ದಿನಗಳಲ್ಲೇ ಚಿಗುರುತ್ತವೆ. ಎರಡೂ ಕಡೆ ಹವಾಮಾನ ಬದಲಾಗುತ್ತಿರುವುದನ್ನು ತಿಳಿಯುವ ಅತಿ ಅಗ್ಗದ ಉಪಾಯ ಒಂದೇ: ಚಿಗುರು, ಹೂ, ಕಾಯಿ, ಎಲೆಯುದುರುಗಳ ದಿನಾಂಕವನ್ನು ವರ್ಷವರ್ಷವೂ ಬರೆದಿಡುವುದು. ಫಿನ್ಲೆಂಡ್ ಮತ್ತು ಸ್ವೀಡನ್ ಗಡಿಯ ಟೋರ್ನಿಯೊ ನದಿಯಲ್ಲಿ ಮಂಜುಗಡ್ಡೆ ಒಡೆಯುವ ದಿನವನ್ನು 1693ರಿಂದ ದಾಖಲಿಸುತ್ತ ಬಂದಿದ್ದಾರೆ. ನಮಗೆ ಬೇಕಾಗಿರುವುದೂ ಅಂಥದೇ ಹಟ. ಉಪಕರಣಗಳು ಆಮೇಲಿನ ಮಾತು.

ಮೊದಲ ಕೆಲಸ ಮರಗಳ ಆಯ್ಕೆ. ಮುತ್ತಲ, ಬೇವು, ಹುಣಸೆ, ಕಕ್ಕೆ, ಈ ನಾಲ್ಕು ಜಾತಿಗಳು ಬಯಲುಸೀಮೆಯಲ್ಲಿ ಎಲ್ಲೆಡೆ ಸಿಗುತ್ತವೆ, ಅವುಗಳ ಹೂವನ್ನು ಗುರುತಿಸಲು ಯಾರೂ ತಪ್ಪುವುದಿಲ್ಲ. ಒಂದೊಂದು ಜಾತಿಯಲ್ಲಿ ಕನಿಷ್ಠ ಐದು ಮರಗಳಿರಲಿ, ಏಕೆಂದರೆ ಒಂದೇ ಬದುವಿನಲ್ಲಿ ನಿಂತ ಎರಡು ಬೇವಿನ ಮರಗಳು ಕೂಡ ಒಂದೇ ದಿನ ಹೂ ಬಿಡುವುದಿಲ್ಲ. ಮನೆಯಂಗಳದಲ್ಲಿ ನೀರುಣ್ಣುವ ಮರ, ಬಚ್ಚಲ ನೀರು ಹರಿಯುವ ಕಡೆಯ ಮರ, ಬೀದಿದೀಪದ ಕೆಳಗಿನ ಮರ, ಆಲಮಟ್ಟಿಯ ಕಾಲುವೆ ನೀರು ಹಾಯುವ ಹೊಲದ ಮರ, ಇವನ್ನು ಬಿಟ್ಟುಬಿಡಿ. ಬರಗಾಲದ ವರ್ಷವೂ ಅವು ಬರವನ್ನು ಕಾಣುವುದಿಲ್ಲ. ಖಾನಾಪುರದ ಕಡೆಯವರು ಮತ್ತಿ, ನೇರಳೆಗಳನ್ನು ಸೇರಿಸಿಕೊಳ್ಳಬಹುದು, ಆದರೆ ಅವರ ಪಟ್ಟಿಯನ್ನು ಅಥಣಿಯವರ ಪಟ್ಟಿಯೊಂದಿಗೆ ಬೆರೆಸಬಾರದು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ, ಅದೇ ಜಿಲ್ಲೆಯ ಅಥಣಿಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಭೀಮಗಡ ಅಥವಾ ಯಡಹಳ್ಳಿ ವನ್ಯಜೀವಿಧಾಮದ ಒಳಗಿನ ಮರಗಳೇ ಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. ವಾರವಾರ ಹೋಗಬೇಕಾದ ಕೆಲಸವಾದ್ದರಿಂದ, ದಿನವೂ ನಡೆದಾಡುವ ದಾರಿಯ ಮರಗಳೇ ಲೇಸು ಎಂಬುದು ನನ್ನ ಅಭಿಪ್ರಾಯ.

ದಿನಾಂಕದ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ನನ್ನ ಮೊದಲ ನೋಟುಪುಸ್ತಕದಲ್ಲಿ ‘ಯುಗಾದಿಗೆ ನಾಲ್ಕು ದಿನ ಮುಂಚೆ ಬೇವು ಹೂವಾಯಿತು’, ‘ಹೋಳಿ ಹುಣ್ಣಿಮೆಗೆ ಮುತ್ತಲ ತುಂಬಿ ನಿಂತಿತ್ತು’ ಎಂದೆಲ್ಲ ಬರೆದಿದ್ದೆ. ಓದಲು ಚೆಂದವಾಗಿದ್ದ ಆ ಪುಸ್ತಕ ಲೆಕ್ಕಕ್ಕೆ ಬರಲಿಲ್ಲ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂದರೆ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು. ಮರ ಒಂದು ದಿನವೂ ಅತ್ತಿತ್ತ ಸರಿಯದಿದ್ದರೂ ಹಬ್ಬದ ಲೆಕ್ಕದಲ್ಲಿ ಅದು 18 ದಿನ ಮುಂಚೆಯೇ ಹೂ ಬಿಟ್ಟಂತೆ ಕಾಣುತ್ತದೆ. ತಿಥಿ ಚಂದ್ರನದು, ಮರ ಅನುಸರಿಸುವ ಋತು ಸೂರ್ಯನದು. ಆದರೆ ನಮ್ಮ ರೈತರ ಮಳೆನಕ್ಷತ್ರಗಳ ಲೆಕ್ಕ ಹೀಗೆ ಜಾರುವುದಿಲ್ಲ, ಏಕೆಂದರೆ ಸೂರ್ಯನು ಆಯಾ ನಕ್ಷತ್ರವನ್ನು ಪ್ರವೇಶಿಸುವುದನ್ನು ಅನುಸರಿಸಿ ರೋಹಿಣಿ ಮಳೆ ಮೇ 25ರ ಸುಮಾರಿಗೆ, ಮಿರಗ (ಮೃಗಶಿರ) ಜೂನ್ 7 ಅಥವಾ 8ಕ್ಕೆ ಪ್ರತಿವರ್ಷವೂ ಕೂಡುತ್ತವೆ. ಆದ್ದರಿಂದ ಹಿರಿಯರನ್ನು ಹಳೆಯ ಕಾಲದ ಬಗ್ಗೆ ಕೇಳುವಾಗ ‘ಯಾವ ಹಬ್ಬಕ್ಕೆ?’ ಎನ್ನುವುದಕ್ಕಿಂತ ‘ಯಾವ ಮಳೆಗೆ?’ ಎಂದು ಕೇಳಿದರೆ ಬಳಸಬಹುದಾದ ಉತ್ತರ ಸಿಗುತ್ತದೆ. ಪುಸ್ತಕದಲ್ಲಿ ಮಾತ್ರ ಇಂಗ್ಲಿಷ್ ತಾರೀಕನ್ನೇ ಬರೆಯಿರಿ.

ಪ್ರತಿ ಮರಕ್ಕೂ ಒಂದು ಸಂಖ್ಯೆ ಕೊಟ್ಟು, ವಾರದಲ್ಲಿ ಒಂದೇ ನಿಗದಿತ ದಿನ ನೋಡಿ. ಎಳೆ ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು, ಪ್ರತಿಯೊಂದಕ್ಕೂ ‘ಇಲ್ಲ’, ‘ಸ್ವಲ್ಪ’, ‘ಬಹಳ’ ಎಂಬ ಮೂರು ಅಳತೆ ಸಾಕು. ಮರದ ತಲೆಯ, ಅಂದರೆ ಕೊಂಬೆಗಳ ಹರವಿನ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ‘ಬಹಳ’ ಎನ್ನಿ. ‘ಇಲ್ಲ’ ಎಂಬುದನ್ನೂ ಬರೆಯಲೇಬೇಕು, ಏಕೆಂದರೆ ಪಟ್ಟಿಯಲ್ಲಿ ಖಾಲಿ ಬಿಟ್ಟ ಚೌಕ ಹೂವಿರಲಿಲ್ಲವೆಂದು ಹೇಳುತ್ತದೆಯೋ, ನೀವು ಹೋಗಿರಲಿಲ್ಲವೆಂದು ಹೇಳುತ್ತದೆಯೋ ಮರುವರ್ಷ ನಿಮಗೇ ತಿಳಿಯದು. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ.

ಕಾಂಡದ ಸುತ್ತಳತೆಯನ್ನು ನೆಲದಿಂದ 137 ಸೆಂಟಿಮೀಟರ್ ಎತ್ತರದಲ್ಲಿ ವರ್ಷಕ್ಕೊಮ್ಮೆ ಅಳೆಯಿರಿ. ಬೇಸಿಗೆಯಲ್ಲಿ ನೀರಿಲ್ಲದೆ ಕಾಂಡ ತುಸು ಕುಗ್ಗಿ ಮಳೆ ಬಂದ ಮೇಲೆ ಹಿಗ್ಗುವುದರಿಂದ, ಒಮ್ಮೆ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸೆಪ್ಟೆಂಬರ್‌ನಲ್ಲಿ ಅಳೆದರೆ ನೀರಿನ ಉಬ್ಬನ್ನೇ ಬೆಳವಣಿಗೆ ಎಂದು ಭ್ರಮಿಸುತ್ತೀರಿ. ಮಳೆಯ ಲೆಕ್ಕಕ್ಕೆ ಮನೆಯ ಮಾಳಿಗೆಯ ಮೇಲೊಂದು ಮಳೆಮಾಪಕ ಇಡಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಾಪಕಗಳ ಅಂಕಿಗಳನ್ನೂ ಅದರೊಂದಿಗೆ ಹೋಲಿಸಿಕೊಳ್ಳಬಹುದು.

ಅರ್ಥ ಹೇಳುವ ಆತುರವೇ ಈ ಕೆಲಸದ ದೊಡ್ಡ ಶತ್ರು. ಮೂರು ವರ್ಷದ ಪಟ್ಟಿಯಲ್ಲಿ ಕಾಣುವುದು ಆ ಮೂರು ವರ್ಷಗಳ ಮಳೆಯೇ ಹೊರತು ಹವಾಮಾನವಲ್ಲ. ಹವಾಮಾನದ ಸರಾಸರಿಯನ್ನು 30 ವರ್ಷಗಳಿಗೆ ಕಟ್ಟುವುದು ವಾಡಿಕೆ. ಹಾಗೆಂದು ಬದಲಾವಣೆ ಯಾವಾಗಲೂ ದಿನಾಂಕದ ಮೆಲ್ಲನೆಯ ಜಾರುವಿಕೆಯಾಗಿಯೇ ಬರುತ್ತದೆಂದು ತಿಳಿಯಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಪೈನ್ ಮರದ ತೊಗಟೆ ಕೊರೆಯುವ ದುಂಬಿಯ ಮರಿಹುಳುಗಳನ್ನು ಹಿಂದೆ ಕಡುಚಳಿಯೇ ಕೊಲ್ಲುತ್ತಿತ್ತು. ಚಳಿಗಾಲ ಸಡಿಲವಾದಂತೆ, 1990ರ ದಶಕದ ಕೊನೆಯಿಂದ, ದುಂಬಿ ಹಬ್ಬಿ ಕಾಡುಕಾಡುಗಳೇ ಕೆಂಪಾಗಿ ಒಣಗಿದವು. ಕೆನಡಾದಲ್ಲಿ 2023ರ ಒಂದೇ ಬೇಸಿಗೆಯಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಪ್ರದೇಶ ಸುಟ್ಟಿತು. ಆದ್ದರಿಂದ ನಿಮ್ಮ ಪುಸ್ತಕದ ಬಲಪುಟವನ್ನು ಖಾಲಿ ಬಿಟ್ಟು, ಹುಳುವಿನ ಕಾಟ, ಒಣಗಿದ ತುದಿಕೊಂಬೆ, ಬದುವಿಗೆ ಇಟ್ಟ ಬೆಂಕಿ, ಸುತ್ತ ಹೊಸದಾಗಿ ಎದ್ದ ಬಳ್ಳಾರಿ ಜಾಲಿ, ಇವುಗಳನ್ನು ಅಲ್ಲಿ ಬರೆಯುತ್ತ ಹೋಗಿ. ಮರ ಸತ್ತರೆ ಅಥವಾ ಯಾರಾದರೂ ಕಡಿದರೆ ಆ ದಿನವನ್ನು ಬರೆದು ಅದರ ಸಂಖ್ಯೆಯನ್ನು ಮುಚ್ಚಿ. ಅದರ ಬದಲಿಗೆ ಆರಿಸಿದ ಮರಕ್ಕೆ ಹಳೆಯ ಸಂಖ್ಯೆಯನ್ನು ಎಂದೂ ಕೊಡಬೇಡಿ.