ಹುಸಿ ವಿಜ್ಞಾನದ ಗೀಳಿನ ಮೇಲೆ ಮಾಕ್ಯುಮೆಂಟರಿ ಮಾಡೋದು ಹೇಗೆ

ಮಾಕ್ಯುಮೆಂಟರಿ ಅಂದ್ರೆ ಕಟ್ಟುಕಥೆನ ನಿಜವಾದ ಡಾಕ್ಯುಮೆಂಟರಿ ಥರ ತೋರ್ಸೋ ತಮಾಷೆ ಫಿಲ್ಮು. ಅಷ್ಟು ಮಾಡಿದ್ರೆ ಆಯ್ತು ಅಂದ್ಕೊಂಡು ಕ್ಯಾಮೆರಾ ಎತ್ಕೊಂಡ್ರೆ ಮೂರನೇ ನಿಮಿಷಕ್ಕೇ ಫಿಲ್ಮ್ ಸುಸ್ತಾಗುತ್ತೆ, ಯಾಕಂದ್ರೆ ಇರೋ ಒಂದು ಜೋಕು ಅಷ್ಟರಲ್ಲಿ ಖರ್ಚಾಗಿರುತ್ತೆ. ಅದಕ್ಕೆ ಮೊದ್ಲು ಒಂದು ತಪ್ಪು ನಂಬಿಕೆ ಹುಡುಕಿ. ಒಂದೇ ಸಾಕು. ಆಮೇಲೆ ಅದನ್ನ ನಂಬಿರೋ ಮನುಷ್ಯ ಮಾಡೋದೆಲ್ಲ ಶಿಸ್ತಾಗಿರ್ಬೇಕು, ತಾರೀಖು, ಅಳತೆ, ಗೆರೆ ಎಳೆದ ನೋಟ್‌ಬುಕ್ಕು, ಎಲ್ಲಾ.

ಒಂದು ಉದಾಹರಣೆ ಹೇಳ್ತೀನಿ. ಒಬ್ಬ ರಿಟೈರ್ಡ್ ಲೆಕ್ಕಿಗ. ಬೇಜಾರಲ್ಲಿರೋರು ಮರದ ಸ್ಟೂಲ್ ಮೇಲೆ ಕೂತ್ರೆ ಅವರ ದುಃಖ ಮರಕ್ಕೆ ಇಳಿಯುತ್ತೆ ಅಂತ ನಂಬಿದಾರೆ. ದಿನಾ ಬೆಳಿಗ್ಗೆ ಸ್ಟೂಲನ್ನ ತಲೆಕೆಳಗು ಮಾಡಿ ಅಡುಗೆಮನೆ ತಕ್ಕಡಿ ಮೇಲೆ ಇಡ್ತಾರೆ, ಡಿಸ್ಪ್ಲೇ ಅದರಡಿ ಮುಚ್ಚಿಹೋಗುತ್ತೆ, ಸರಿ ಅಂತ ನೆಲದ ಮೇಲೆ ಮಲ್ಕೊಂಡು ಕನ್ನಡಕ ಹಣೆಗೆ ಏರಿಸಿ ಓದ್ತಾರೆ, ಉಸಿರು ತಾಗಿ ಅಂಕಿ ಅಲ್ಲಾಡಬಾರ್ದು ಅಂತ ಉಸಿರೂ ಹಿಡ್ಕೋತಾರೆ. ಈಗ ಮುಖ್ಯವಾದ್ದು ಕೇಳಿ, ತೂಕ ನಿಜವಾಗ್ಲೂ ಬದಲಾಗುತ್ತೆ! ಮರ ಗಾಳಿಯಲ್ಲಿರೋ ತೇವ ಹೀರುತ್ತೆ, 3 ಕೆಜಿ ಸ್ಟೂಲಲ್ಲಿ ತೇವಾಂಶ ಶೇಕಡ 1ರಷ್ಟು ಏರಿದ್ರೂ ಸುಮಾರು 30 ಗ್ರಾಂ ಹೆಚ್ಚಾಗುತ್ತೆ. ಮೋಡ ಕವಿದ ತೇವದ ದಿನ ಎಷ್ಟೋ ಜನಕ್ಕೆ ಮನಸ್ಸೂ ಸ್ವಲ್ಪ ಭಾರ ಅನ್ಸುತ್ತೆ. ಅವರ ಲೆಕ್ಕ ಪಕ್ಕಾ ಕೂಡಿಬರುತ್ತೆ, ಕಾರಣ ಮಾತ್ರ ಬೇರೆ. ಇದನ್ನ ಯಾರ ಬಾಯಲ್ಲೂ ಹೇಳ್ಸಬೇಡಿ, ಕಿಟಕಿ ಗಾಜಿನ ಮೇಲೆ ನೀರಿಳಿಯೋ ಒಂದು ಶಾಟ್ ಇಡಿ, ನೋಡೋರೇ ಹಿಡ್ಕೋತಾರೆ.

ಸ್ಕ್ರಿಪ್ಟ್ ಬರೆಯೋಕೆ ಮುಂಚೆ ನಿಜವಾಗಿ ನಡೆದಿದ್ದನ್ನ ಓದಿ, ಅಷ್ಟು ಒಳ್ಳೆ ಸರಕು ಬೇರೆಲ್ಲೂ ಸಿಗಲ್ಲ. 1907ರಲ್ಲಿ ಡಂಕನ್ ಮ್ಯಾಕ್‌ಡೂಗಲ್ ಅನ್ನೋ ಅಮೆರಿಕನ್ ಡಾಕ್ಟರು, ಸಾಯ್ತಿರೋ 6 ಜನರನ್ನ ಮಂಚದ ಸಮೇತ ತೂಗಿ ಆತ್ಮದ ತೂಕ ಹುಡುಕಿದ ಪ್ರಯೋಗ ಪ್ರಕಟಿಸಿದ್ರು, ಇವತ್ತಿಗೂ ಜನ ಹೇಳೋ 21 ಗ್ರಾಂ ಬಂದಿದ್ದು ಅದರಲ್ಲಿ ಒಬ್ಬರದ್ದರಿಂದ. ಅದಕ್ಕಿಂತ ನನಗೆ ತುಂಬಾ ತಟ್ಟೋದು ಫ್ರಾನ್ಸಿನ ರೆನೆ ಬ್ಲಾಂಡ್ಲೋ ಕಥೆ. ಅವರೇನು ಮೋಸಗಾರ ಅಲ್ಲ, ಹೆಸರು ಮಾಡಿದ್ದ ಭೌತವಿಜ್ಞಾನಿ. 1903ರಲ್ಲಿ ಎನ್-ಕಿರಣ ಅಂತ ಹೊಸದೊಂದು ಕಂಡುಹಿಡಿದೆ ಅಂದ್ರು, ಬೇರೆ ಎಷ್ಟೋ ಜನ ನಮಗೂ ಕಾಣ್ಸುತ್ತೆ ಅಂದ್ರು. 1904ರಲ್ಲಿ ರಾಬರ್ಟ್ ವುಡ್ ಅನ್ನೋ ವಿಜ್ಞಾನಿ ಅವರ ಲ್ಯಾಬಿಗೆ ಹೋಗಿ, ಕತ್ತಲೆ ರೂಮಲ್ಲಿ ಯಾರಿಗೂ ಗೊತ್ತಾಗದ ಹಾಗೆ ಆ ಕಿರಣಗಳನ್ನ ಬಿಡಿಸಿ ತೋರ್ಸ್ಬೇಕಿದ್ದ ಪ್ರಿಸಂನೇ ಉಪಕರಣದಿಂದ ತೆಗೆದುಬಿಟ್ರು. ಆದ್ರೂ ಅಳತೆಗಳು ಮುಂಚಿನ ಥರಾನೇ ಬರ್ತಾ ಇದ್ವು, ಅಂದ್ರೆ ಇಲ್ಲದ ಕಿರಣ ಬರೀ ನಂಬಿಕೆಯಿಂದ ಕಾಣ್ತಿತ್ತು. ಆ ಕತ್ತಲೆ ರೂಮನ್ನ ಮನಸ್ಸಲ್ಲಿ ಇಟ್ಕೊಳ್ಳಿ, ನಿಮ್ಮ ಕ್ಲೈಮ್ಯಾಕ್ಸ್ ಅಲ್ಲೇ ಇದೆ.

ಆಕ್ಟರ್ ವಿಷಯಕ್ಕೆ ಬಂದ್ರೆ, ಡೈಲಾಗ್ ಬಾಯಿಪಾಠ ಮಾಡಿಸ್ಬೇಡಿ. ಪಾತ್ರ ಏನು ನಂಬುತ್ತೆ, ಏನು ಕಂಡ್ರೆ ಹೆದರುತ್ತೆ ಅನ್ನೋದನ್ನ ಒಂದು ಪುಟ ಬರೆದುಕೊಟ್ಟು ನಿಜವಾದ ಸಂದರ್ಶನದ ಥರ ಪ್ರಶ್ನೆ ಕೇಳ್ತಾ ಹೋಗಿ. "ಇದನ್ನ ಶುರು ಮಾಡಿದ್ದು ಯಾವಾಗ?", "ಮನೇಲಿ ಏನಂತಾರೆ?" ಅನ್ನೋ ಮಾಮೂಲಿ ಪ್ರಶ್ನೆಗಳೇ ಒಳ್ಳೆ ಉತ್ತರ ತರ್ತವೆ. ಉತ್ತರ ಮುಗಿದ ಮೇಲೆ ಇನ್ನೊಂದು 5 ಸೆಕೆಂಡ್ ಸುಮ್ನಿರಿ, ಕಟ್ ಅನ್ಬೇಡಿ, ಆ ಮೌನ ತಡೀಲಾರ್ದೆ ಅವರು ಸೇರ್ಸೋ ಒಂದು ಮಾತು ಇಡೀ ಪಾತ್ರಾನ ಬಿಚ್ಚಿಡುತ್ತೆ. ನಮ್ಮ ಮೊದಲನೇ ಶೂಟಲ್ಲಿ ಆಕ್ಟರು ಪ್ರತಿ ಉತ್ತರದ ಕೊನೆಗೂ ತುಟಿಯಂಚಲ್ಲಿ ನಗ್ತಿದ್ರು, ಸೆಟ್ಟಲ್ಲಿ ಎಲ್ರಿಗೂ ಖುಷಿ, ಎಡಿಟಿಂಗಲ್ಲಿ ನೋಡಿದ್ರೆ ಒಂದು ಶಾಟೂ ಉಪಯೋಗಕ್ಕೆ ಬರ್ಲಿಲ್ಲ, ಪೂರ್ತಿ ಎರಡು ದಿನ ರೀಶೂಟ್ ಮಾಡ್ಬೇಕಾಯ್ತು. ತಾನು ತಮಾಷೆಯಾಗಿ ಕಾಣ್ತಿದೀನಿ ಅಂತ ಪಾತ್ರಕ್ಕೆ ಗೊತ್ತಿರ್ಬಾರ್ದು.

ಆ ಪಾತ್ರಾನ ಪ್ರೀತಿಸೋ ಒಬ್ಬರು ಫ್ರೇಮಲ್ಲಿ ಇರ್ಲಿ, ಹೆಂಡತಿನೋ ತಂಗಿನೋ. ಅವರು ಗೀಳನ್ನ ನಂಬೋದೂ ಬೇಡ, ಜಗಳ ಆಡೋದೂ ಬೇಡ, ತೂಗೋ ಹೊತ್ತಲ್ಲಿ ಫ್ಯಾನ್ ಆಫ್ ಮಾಡಿದ್ರೆ ಸಾಕು.

ಕ್ಯಾಮೆರಾ ಕೈಯಲ್ಲೇ ಇರ್ಲಿ, ಝೂಮ್ ಒಂದು ಕ್ಷಣ ತಡವಾಗಿ ಹೋಗ್ಲಿ, ಮುಂದೇನಾಗುತ್ತೆ ಅಂತ ಕ್ಯಾಮೆರಾಮ್ಯಾನಿಗೆ ಗೊತ್ತಿರ್ಲಿಲ್ಲ ಅನ್ನೋ ಹಾಗೆ. ಸೌಂಡ್ ಮಾತ್ರ ಕೆಡಿಸ್ಬೇಡಿ, ಕಾಲರ್ ಮೈಕ್ ಹಾಕಿ, ಪ್ರತಿ ಜಾಗದಲ್ಲೂ ಒಂದು ನಿಮಿಷ ಖಾಲಿ ರೂಮಿನ ಸದ್ದು ರೆಕಾರ್ಡ್ ಮಾಡ್ಕೊಳ್ಳಿ. ಹಿನ್ನೆಲೆ ದನಿ ಸಪ್ಪಗಿರ್ಲಿ. 1957ರ ಏಪ್ರಿಲ್ 1ರಂದು ಬಿಬಿಸಿಯವರು ಸ್ಪಗೆಟ್ಟಿ (ಶ್ಯಾವಿಗೆ ಥರದ ಇಟಲಿಯ ಪಾಸ್ತಾ) ಮರದಲ್ಲಿ ಬೆಳೆಯುತ್ತೆ ಅಂತ ತೋರಿಸಿದಾಗ ಎಷ್ಟೋ ಜನ ನಂಬಿದ್ರು, ಅದಕ್ಕೆ ದೊಡ್ಡ ಕಾರಣ ನಿರೂಪಕ ರಿಚರ್ಡ್ ಡಿಂಬಲ್‌ಬಿಯ ಗಂಭೀರ ದನಿ.

ಒಂದು ಎಚ್ಚರಿಕೆ, ಗೀಳನ್ನ ಔಷಧಿ, ಕಾಯಿಲೆ ಕಡೆ ಒಯ್ಯಬೇಡಿ. ಫಿಲ್ಮಿನ 30 ಸೆಕೆಂಡ್ ತುಂಡು ಮಾಡಿ ಯಾರೋ ಫಾರ್ವರ್ಡ್ ಮಾಡ್ತಾರೆ, ಇನ್ಯಾರೋ ಮಾತ್ರೆ ನಿಲ್ಲಿಸ್ತಾರೆ.

ಎಡಿಟಿಂಗಲ್ಲಿ ನಗು ಬರೋ ಜಾಗಕ್ಕೆ ಸ್ವಲ್ಪ ಮುಂಚೆನೇ ಕಟ್ ಮಾಡಿ, 10 ನಿಮಿಷ ದಾಟಿಸ್ಬೇಡಿ. ಕೊನೆ ದೃಶ್ಯಕ್ಕೆ ಬ್ಲಾಂಡ್ಲೋ ರೂಮನ್ನ ತನ್ನಿ: ರಾತ್ರಿ ಹೆಂಡತಿ ಆ ಸ್ಟೂಲ್ ತೆಗೆದು ಅದೇ ಥರದ ಹೊಸದನ್ನ ಇಡ್ತಾರೆ. ಬೆಳಿಗ್ಗೆ ಲೆಕ್ಕಿಗರು ಮಲ್ಕೊಂಡು ಅಂಕಿ ಓದ್ತಾರೆ, ತುಂಬಾ ಕಮ್ಮಿ. ಎದ್ದು ಬಂದು ಹೆಂಡತಿ ಮುಖ ನೋಡಿ, "ನಿನ್ನೆ ನೀನು ಅಳಲಿಲ್ಲ ಅಲ್ವಾ?" ಅಂತಾರೆ. ಹೆಂಡತಿ ಇಲ್ಲ ಅಂತ ತಲೆ ಆಡಿಸ್ಲಿ, ಕಟ್.